ಬೀಗ ಕೆಟ್ಟಿರಲಿಲ್ಲ, ನೆನಪಿಟ್ಟುಕೊಂಡಿತ್ತು

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ರೆ, ಒಂದ್ಸಲ ಜೇಬಲ್ಲಿರೋ ಬೀಗದ ಕೈ ಮುಟ್ಟಿ ನೋಡ್ಕೊಳ್ಳಿ. ಇವತ್ತಿನ ಮಾತು ಅದರದ್ದೇ.

ಸಾಗರದ ಹತ್ತಿರ ನಮ್ಮ ಅಜ್ಜಿ ಮನೆ. ಅಲ್ಲಿ ಒಂದು ಹಳೇ ಕಬ್ಬಿಣದ ಪೆಟ್ಟಿಗೆ ಇದೆ. ಅಜ್ಜ ಯಾವುದೋ ಹರಾಜಿನಲ್ಲಿ ತಂದಿದ್ದಂತೆ. ತೋಟದ ಕಾಗದಪತ್ರ ಎಲ್ಲ ಅದರೊಳಗೇ. ಬೀಗದ ಕೈ ಇರೋದು ಒಂದೇ, ಅದು ಸದಾ ಅಜ್ಜಿಯ ಸೊಂಟದಲ್ಲಿ. ಕಳೆದ ದೀಪಾವಳಿಗೆ ಎಲ್ಲರೂ ಸೇರಿದ್ದಾಗ ಪಾಲಿನ ಮಾತು ಬಂತು. ಕಾಗದ ತೆಗೆಯೋಣ ಅಂತ ಅಜ್ಜಿ ಕೈ ಹಾಕಿ ತಿರುಗಿಸಿದರು. ಬೀಗ ಜಪ್ಪಯ್ಯ ಅನ್ನಲಿಲ್ಲ.

"ಯಾರೋ ಬೀಗ ಮುಟ್ಟಿದ್ದಾರೆ" ಅಂದರು ದೊಡ್ಡಪ್ಪ. ಹೆಸರು ಹೇಳಲಿಲ್ಲ, ಆದರೆ ನೋಡಿದ್ದು ಚಿಕ್ಕಪ್ಪನ ಕಡೆ. ಆ ಮನೆಯಲ್ಲಿದ್ದುಕೊಂಡು ತೋಟ ನೋಡಿಕೊಳ್ಳುತ್ತಿರೋದು ಚಿಕ್ಕಪ್ಪನೇ. ಅವತ್ತು ರಾತ್ರಿ ಚಿಕ್ಕಪ್ಪ ಊಟಕ್ಕೆ ಬರಲಿಲ್ಲ.

ಮರುದಿನ ಗ್ಯಾಸ್ ಕಟರ್ ತರಿಸಿ ಪೆಟ್ಟಿಗೆ ಕೊಯ್ಯಿಸೋದು ಅಂತ ಆಯ್ತು. ಅಜ್ಜಿ ಒಪ್ಪಲಿಲ್ಲ. ಕೊನೆಗೆ ಪೇಟೆಯಿಂದ ಬೀಗ ರಿಪೇರಿ ಮಾಡೋ ಹಿರಿಯರೊಬ್ಬರು ಬಂದರು. ಅವರು ಮೊದಲು ಯಾವ ಸಾಮಾನನ್ನೂ ಹೊರಗೆ ತೆಗೆಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಬೀಗದ ಮೇಲಿನ ಹಿತ್ತಾಳೆ ತಗಡು ಒರೆಸಿದರು, ನನ್ನ ಮೊಬೈಲ್ ಟಾರ್ಚ್ ಬಿಡಿಸಿದರು. ಸವೆದ ಇಂಗ್ಲಿಷ್ ಅಕ್ಷರ ಕಾಣಿಸ್ತು: ಚಬ್, ಲಂಡನ್. ಆಮೇಲೆ ಕೀ ತಗೊಂಡು ಅದರ ಮೆಟ್ಟಿಲುಗಳನ್ನ ಉಗುರಿನಲ್ಲಿ ಎಣಿಸಿದರು. ಎಣಿಸಿ ಅಜ್ಜಿಯನ್ನ ಕೇಳಿದರು, "ಅಮ್ಮಾ, ಇದಕ್ಕೆ ಬೇರೆ ಕೀ ಯಾರಾದ್ರೂ ಹಾಕಿದ್ರಾ?"

ಯಾಕೆ ಹಾಗೆ ಕೇಳಿದರು ಅಂತ ಗೊತ್ತಾಗಬೇಕಾದರೆ ಒಳಗೇನಿದೆ ಅಂತ ತಿಳೀಬೇಕು. ಅಂಗಡಿಯ ಬೀಗದ ಮೇಲೆ 6 ಲೀವರ್, 7 ಲೀವರ್ ಅಂತ ಬರೆದಿರೋದು ನೋಡಿದ್ದೀರಲ್ಲ? ಲೀವರ್ ಅಂದ್ರೆ ತೆಳುವಾದ ಲೋಹದ ಪಟ್ಟಿ. ಇಸ್ಪೀಟ್ ಎಲೆಗಳ ಹಾಗೆ ಒಂದರ ಪಕ್ಕ ಒಂದು ಇರುತ್ತವೆ. ಪ್ರತಿಯೊಂದರಲ್ಲೂ ಒಂದು ಕಿಂಡಿ. ಅಗುಳಿಗೆ ಒಂದು ಪುಟ್ಟ ಗೂಟ. ಕೀಯ ಒಂದೊಂದು ಮೆಟ್ಟಿಲು ಒಂದೊಂದು ಪಟ್ಟಿಯನ್ನ ಎತ್ತುತ್ತೆ. ಎಲ್ಲ ಕಿಂಡಿಗಳೂ ಒಂದೇ ಸಾಲಿಗೆ ಬಂದಾಗ ಮಾತ್ರ ಗೂಟ ಒಳಗೆ ನುಗ್ಗುತ್ತೆ, ಅಗುಳಿ ಸರಿಯುತ್ತೆ. ಒಂದು ಪಟ್ಟಿ ಕೂದಲೆಳೆಯಷ್ಟು ಜಾಸ್ತಿ ಎದ್ದರೂ ಇಲ್ಲ, ಕಡಿಮೆ ಎದ್ದರೂ ಇಲ್ಲ.

ಸಾಮಾನ್ಯ ಬೀಗಕ್ಕೆ ತಪ್ಪು ಕೀ ಹಾಕಿದರೆ ಅದು ತೆಗೆಯೋದಿಲ್ಲ, ಅಷ್ಟೇ. ನಮ್ಮದು ಡಿಟೆಕ್ಟರ್ ಬೀಗ. ತಪ್ಪು ಕೀ ಒಂದು ಪಟ್ಟಿಯನ್ನ ಮಿತಿಮೀರಿ ಎತ್ತಿದರೆ, ಆ ಪಟ್ಟಿ ಒಂದು ಸ್ಪ್ರಿಂಗಿಗೆ ಸಿಕ್ಕಿಕೊಂಡು ಮೇಲೇ ನಿಂತುಬಿಡುತ್ತೆ. ಆಮೇಲೆ ಸರಿಯಾದ ಕೀ ಹಾಕಿದರೂ ತೆಗೆಯಲ್ಲ. ಅಂದರೆ ಬೀಗ ಯಜಮಾನರಿಗೆ ಹೇಳ್ತಾ ಇದೆ: ನೀವಿಲ್ಲದಾಗ ಯಾರೋ ಬಂದಿದ್ರು.

ಇದರ ಹಿಂದೆ ಒಂದು ಕಳ್ಳತನ ಇದೆ. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀ ಬಳಸಿ ಕದ್ದರು. ಅದರದೇ ಕೀಯಿಂದ ಮಾತ್ರ ತೆಗೆಯಬಹುದಾದ ಬೀಗ ಬೇಕು ಅಂತ ಸರ್ಕಾರ ಸ್ಪರ್ಧೆ ಇಟ್ಟಿತು. 1818ರಲ್ಲಿ ಜೆರಿಮಾಯಾ ಚಬ್ ಈ ಬೀಗ ಮಾಡಿ 100 ಪೌಂಡ್ ಗೆದ್ದರು. ಸೆರೆಯಲ್ಲಿದ್ದ ಒಬ್ಬ ಬೀಗದ ಕೆಲಸಗಾರನಿಗೆ, ಇದನ್ನ ತೆಗೆದರೆ ಬಿಡುಗಡೆ ಅಂತ ಆಸೆ ತೋರಿಸಿದರು. ಎರಡು ಮೂರು ತಿಂಗಳು ಒದ್ದಾಡಿ ಅವನು ಸೋತೆ ಅಂದ. ಮೊದಮೊದಲು ಸಿಕ್ಕಿಕೊಂಡ ಬೀಗ ಬಿಡಿಸೋಕೆ ಬೇರೆ ಕೀ ಬೇಕಿತ್ತು. 1824ರ ಸುಧಾರಣೆ ನಂತರ ಅದರದೇ ಕೀ ಸಾಕಾಯ್ತು.

ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಕೀಯನ್ನ ತೆಗೆಯೋ ಕಡೆಗಲ್ಲ, ಬೀಗ ಹಾಕೋ ಕಡೆಗೆ ಮೆಲ್ಲಗೆ ತಿರುಗಿಸಿದರು. ಒಳಗೆ ಟಕ್ ಅಂತು. ಈಗ ತೆಗೆಯೋ ಕಡೆಗೆ. ಬೀಗ ತೆರೆದುಕೊಳ್ತು. ಕಾಗದ ಎಲ್ಲ ಇಟ್ಟಲ್ಲೇ ಇತ್ತು.

ಆದರೆ ದೊಡ್ಡಪ್ಪನ ಮುಖ ಇನ್ನೂ ಬಿಗಿಯಾಯ್ತು. "ನಾನು ಹೇಳಲಿಲ್ವಾ? ಯಾರೋ ಕೀ ಹಾಕಿದ್ದಾರೆ!"

ನನ್ನ ಕೈಯಲ್ಲಿದ್ದ ಟಾರ್ಚ್ ನಡುಗೋಕೆ ಶುರುವಾಯ್ತು. ಯಾಕೆ ಗೊತ್ತಾ? ನವರಾತ್ರಿ ರಜೆಗೆ ಹೋಗಿದ್ದಾಗ, ಅಜ್ಜಿ ಮಲಗಿದ್ದ ಹೊತ್ತಲ್ಲಿ, ಆ ಪೆಟ್ಟಿಗೇದು ಒಂದು ರೀಲ್ಸ್ ಮಾಡೋಣ ಅಂತ ಅಟ್ಟದ ಮೇಲಿದ್ದ ಹಳೇ ಗೊಂಚಲಿನ ಕೀ ಹಾಕಿ ತಿರುಗಿಸಿದ್ದು ನಾನು. ತೆಗೀಲಿಲ್ಲ, ಮರೆತೇಬಿಟ್ಟೆ. ತಪ್ಪು ಕೀ ಹಾಕಿದರೆ ಬೀಗಕ್ಕೆ ಏನೂ ಆಗಲ್ಲ ಅಂತಲೇ ಅಂದ್ಕೊಂಡಿದ್ದೆ. ಹಿಂದಿನ ರಾತ್ರಿ ಅಷ್ಟು ಜಗಳ ಆದಾಗಲೂ ನನಗೆ ಹೊಳೆದಿರಲಿಲ್ಲ, ನಿಜ. ಆ ಪಟ್ಟಿ ಸಿಕ್ಕಿಕೊಳ್ಳೋ ಕಥೆ ಕೇಳಿದ ಮೇಲೇ ಹೊಳೆದಿದ್ದು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ.

ಹೇಳಿದೆ. ಅಜ್ಜಿ ಬೈದರು, ಚೆನ್ನಾಗೇ ಬೈದರು. ದೊಡ್ಡಪ್ಪ ಚಿಕ್ಕಪ್ಪನ ಹತ್ತಿರ ತಪ್ಪಾಯ್ತು ಅನ್ನಲಿಲ್ಲ, ನಮ್ಮ ಮನೆಯಲ್ಲಿ ಹಾಗೆ ಅನ್ನೋ ರೂಢಿಯಿಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಚಿಕ್ಕಪ್ಪನ ಪಕ್ಕದಲ್ಲೇ ಎಲೆ ಹಾಕಿಸಿಕೊಂಡರು.

ಇದೇ ಬೀಗವನ್ನ 1851ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಹಾಬ್ಸ್ ಅನ್ನೋ ಅಮೆರಿಕದವರು ಅರ್ಧ ಗಂಟೆಯೊಳಗೇ ಕೀ ಇಲ್ಲದೆ ತೆಗೆದು ತೋರಿಸಿದರು. ಹಾಗಾಗಿ ಯಾವ ಬೀಗವೂ ಅಜೇಯ ಅಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ. ಆ ಬೀಗ ಯಾರೋ ಮುಟ್ಟಿದ್ದಾರೆ ಅಂತ ಮಾತ್ರ ಹೇಳಿತ್ತು. ಯಾರು ಅಂತ ಹೇಳಿರಲಿಲ್ಲ. ಆ ಖಾಲಿ ಜಾಗದಲ್ಲಿ ಚಿಕ್ಕಪ್ಪನ ಹೆಸರು ತುಂಬಿಸಿದ್ದು ನಾವು.

ನಿಮ್ಮ ಮನೆಯಲ್ಲೂ ಹಳೇ ಬೀಗ ಮುಷ್ಕರ ಹೂಡಿದರೆ ಸುತ್ತಿಗೆ ತಗೋಬೇಡಿ. ತಗಡು ಒರೆಸಿ ಹೆಸರು ಓದಿ, ಕೀ ಮೆಟ್ಟಿಲು ಎಣಿಸಿ, ಹಾಕೋ ಕಡೆಗೆ ಒಮ್ಮೆ ಮೆಲ್ಲಗೆ ತಿರುಗಿಸಿ ನೋಡಿ. ಆಗಲಿಲ್ಲ ಅಂದ್ರೆ ಬಲ್ಲವರನ್ನ ಕರೀರಿ. ಯಾರ ಮೇಲಾದ್ರೂ ಬೆರಳು ತೋರಿಸೋದು ಆಮೇಲೆ.