ಪಂಪು ಹೊತ್ತವನ ಹೆಸರೇನು?



ಆಶಯ ಭಾಷಣಕ್ಕೆ ಬರಬೇಕೆಂದು ಸಂಘಟಕರು ಫೋನ್ ಮಾಡಿದಾಗ, ನಿವೃತ್ತನಾಗಿ ಇಷ್ಟು ವರ್ಷವಾದರೂ ನನ್ನ ನಂಬರು ಉಳಿಸಿಕೊಂಡಿದ್ದಾರಲ್ಲ ಎಂದು ಖುಷಿಯಾಯಿತು. ಹೋದಲ್ಲೆಲ್ಲ ನಾನು ಒಂದೇ ರಾಗ ಹಾಡುತ್ತೇನೆ ಎಂಬ ದೂರು ಹಳೆಯದು. ಇವತ್ತೂ ಅದನ್ನೇ ಹಾಡುವವನಿದ್ದೇನೆ. ಬೇಸರವಾದವರು ಹಿಂದಿನ ಬಾಗಿಲಿನಿಂದ ಕಾಫಿಗೆ ಹೋಗಬಹುದು, ನಾನು ನೋಡಿಯೂ ನೋಡದಂತಿರುತ್ತೇನೆ.

ಕೀಟನಾಶಕಗಳ ಸುರಕ್ಷಿತ ಬಳಕೆಗೆ ಸಂಬಂಧಿಸಿದ ಕನ್ನಡ ಪದಕೋಶದ ಕರಡು ಪಟ್ಟಿಯನ್ನು ಮೊದಲೇ ಕಳಿಸಿದ್ದಿರಿ. ಶೇಷಾಂಶದ ಪದಗಳನ್ನು ಬಿಡಿಸಿಟ್ಟ ಮೇಡಂ ಎರಡನೇ ಸಾಲಿನಲ್ಲಿದ್ದಾರೆ. ಅವರ ಭಾಗದಲ್ಲಿ ನನಗೆ ಒಂದು ಅಕ್ಷರವೂ ತಿದ್ದಲು ಸಿಗಲಿಲ್ಲ. ವಿಷವೈದ್ಯದ ಭಾಗ ಬರೆದ ಡಾಕ್ಟರು ಬಾಗಿಲ ಬಳಿ ನಿಂತಿದ್ದಾರೆ. ಅವರೆದುರು ಪ್ರತಿವಿಷ ಅಟ್ರೊಪಿನ್ ಬಗ್ಗೆ ಮಾತಾಡುವಷ್ಟು ಧೈರ್ಯ ನನಗಿಲ್ಲ. ನನ್ನ ತಕರಾರು ಒಂದೇ ಪದದ ಮೇಲೆ: ‘ಕಾರ್ಮಿಕ’.

ಆ ತಕರಾರು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ 1968ರ ಕೀಟನಾಶಕ ಕಾಯ್ದೆಯ ಬೇರು ಹೊಲದಲ್ಲಿಲ್ಲ, ಅಡುಗೆಮನೆಯಲ್ಲಿದೆ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಗುಲಿದ ಆಹಾರ ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ತನಿಖೆ ನಡೆಯಿತು, ಹತ್ತು ವರ್ಷದ ಮೇಲೆ ಕಾಯ್ದೆ ಬಂತು, 1971ರಲ್ಲಿ ನಿಯಮಗಳು ಬಂದವು. ಹಾಗೆ ಹುಟ್ಟಿದ ಕೂಸಿಗೆ ಉಣ್ಣುವವರ ಮೇಲೆ ಅಕ್ಕರೆ ಹೆಚ್ಚು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಬಂತು. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬ ‘ಕಾಯುವ ಅವಧಿ’ ಬಂತು. ಆ ದಿನಗಳೆಲ್ಲ ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರ ಸಲುವಾಗಿ.

ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಹೊಲಕ್ಕೆ ಕಳೆ ತೆಗೆಯಲು ಯಾವಾಗ ಇಳಿಯಬಹುದು? ಅಮೆರಿಕದ ಲೇಬಲ್ಲಿನ ಮೇಲೆ ಇದನ್ನು 12, 24, 48 ಗಂಟೆ ಎಂದು ಬರೆದಿರುತ್ತಾರೆ. ನಮ್ಮ ಕರಡಿನಲ್ಲಿ ಅದು ‘ಮರುಪ್ರವೇಶ ಅವಧಿ’ ಆಗಿದೆ. ಓದಿದರೆ ನಪಾಸಾದ ಹುಡುಗ ಮತ್ತೆ ಕಾಲೇಜು ಸೇರುವ ಅರ್ಜಿ ನೆನಪಾಗುತ್ತದೆ. ಬ್ಯಾಡಗಿ ಕಡೆಯ ಒಂದು ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಣ್ಣುಮಗಳೊಬ್ಬಳನ್ನು ನಾನು ಕೇಳಿದ್ದೆ, ‘ಎಣ್ಣಿ ಯಾವಾಗ ಹೊಡದಾರವ್ವಾ?’ ‘ನಿನ್ನಿ ಹೊಡದಾರ್ರೀ. ವಾಸನಿ ಹೋಗಿತ್ತು, ಬಂದ್ವಿ’ ಅಂದಳು. ಅವರಲ್ಲಿ ಅವಧಿಯನ್ನು ಅಳೆಯುವುದು ಮೂಗು. ಮೂಗಿಗೆ ಹತ್ತದೆ ಎಲೆಯ ಮೇಲೆ ಕುಳಿತಿರುವುದು ಅಂಗೈ ಚರ್ಮಕ್ಕೆ ಹತ್ತುತ್ತದೆ ಎಂದು ಅವರಿಗೆ ಹೇಳಲು ನಮ್ಮ ಪಟ್ಟಿಯಲ್ಲಿ ಒಂದು ಮಾತಿಲ್ಲ.

ಆದರೆ ಇದು ಪದದ ಬಡತನ ಮಾತ್ರವಲ್ಲ. ಕಾಯ್ದೆಯ ಪ್ರಕಾರ ‘ಕಾರ್ಮಿಕ’ ಎಂದರೆ ಸೇವಾ ಕರಾರಿನ ಮೇಲೆ ಇಲ್ಲವೇ ಅಪ್ರೆಂಟಿಸ್ ಆಗಿ ಕೆಲಸಕ್ಕಿರುವವನು. ಕಾರ್ಖಾನೆಯಲ್ಲಿ ಡ್ರಮ್ಮು ಉರುಳಿಸುವವನು ಇದರೊಳಗೆ ಸುಲಭವಾಗಿ ಬರುತ್ತಾನೆ. ಇನ್ನು 38ನೇ ಕಲಮು ತೆಗೆಯಿರಿ: ಮನೆಯ ಬಳಕೆಗೆ, ಕೈತೋಟಕ್ಕೆ, ತಾನು ಸಾಗುವಳಿ ಮಾಡುವ ಜಮೀನಿಗೆ ಕೀಟನಾಶಕ ಬಳಸುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ರೈತನ ಬೆನ್ನು ಹತ್ತಬಾರದು ಎಂಬ ಕಳಕಳಿಯಿಂದ ಬರೆದದ್ದಿರಬಹುದು. ಆದರೆ ನಾವು ತರಬೇತಿಗಳಲ್ಲಿ ‘ಕಾಯ್ದೆ ನಿಮ್ಮ ರಕ್ಷಣೆಗಿದೆ’ ಎಂದು ಯಾರಿಗೆ ಹೇಳುತ್ತ ಬಂದೆವೋ, ಅವರನ್ನು ಕಾಯ್ದೆ ಅಂಗಳದಾಚೆಯೇ ನಿಲ್ಲಿಸಿತ್ತು.

ಈಗ ನನ್ನ ಹಳೆಯ ರಾಗ. ನಮ್ಮಲ್ಲಿ ಎಣ್ಣೆ ಹೊಡೆಯುವ ಕೂಲಿ ಎಷ್ಟೋ ಕಡೆ ಬೆನ್ನಿಗೆ ಹೊರುವ ಪಂಪಿನ ಲೆಕ್ಕ. ಒಂದು ಪಂಪಿಗೆ ಇಷ್ಟು ದುಡ್ಡು. ಹೊಡೆಯುವವನು ಬೆಳಿಗ್ಗೆ ಒಬ್ಬರ ಹೊಲ, ಮಧ್ಯಾಹ್ನ ಇನ್ನೊಬ್ಬರ ಹೊಲ ನೋಡುತ್ತಾನೆ. ಇದು ಸೇವಾ ಕರಾರೋ, ಬಿಡಿ ಗುತ್ತಿಗೆಯೋ? ಮೂರನೇ ಸಾಲಿನ ಕಾನೂನು ಮೇಷ್ಟ್ರು ಇದಕ್ಕೆ ಎರಡೂ ಕಡೆಯಿಂದ ವಾದಿಸಬಲ್ಲರು, ಊಟದ ಹೊತ್ತಿಗೆ ಎರಡರಲ್ಲೂ ಗೆಲ್ಲಬಲ್ಲರು. ಅವನ ಹೆಂಡತಿ ಕೊಡ ಹೊತ್ತು ನೀರು ತಂದು, ಕೋಲಿನಿಂದ ಔಷಧಿ ಕಲಸಿ, ಪಂಪು ತುಂಬಿಕೊಡುತ್ತಾಳೆ. ನೀರು ಬೆರೆಸದ ಗಟ್ಟಿ ವಿಷ ಮುಟ್ಟುವವಳು ಅವಳೇ, ಕೂಲಿಯೂ ಇಲ್ಲ. ಅವಳು ಯಾರು? ಇನ್ನು ಮುಯ್ಯಾಳು. ನಿಮ್ಮ ಹೊಲಕ್ಕೆ ನಾನು ಇವತ್ತು ಹೊಡೆದುಕೊಟ್ಟೆ, ನಾಳೆ ನೀವು ನನ್ನ ಹೊಲಕ್ಕೆ ಬರುತ್ತೀರಿ, ನಡುವೆ ರೊಕ್ಕದ ಮಾತಿಲ್ಲ. ಅರ್ಧ ಹೊಲದಲ್ಲಿ ನನಗೆ ತಲೆ ಸುತ್ತಿ, ಬಾಯಲ್ಲಿ ನೀರೂರಿ, ಕಣ್ಣು ಮಂಜಾದರೆ ನನ್ನ ಮಾಲೀಕ ಯಾರು? ಜಮೀನು ನನ್ನ ಸಾಗುವಳಿಯದಲ್ಲ, ಕರಾರೂ ಇಲ್ಲ. ಮೂವತ್ತು ವರ್ಷದಿಂದ ಈ ಪ್ರಶ್ನೆ ನನ್ನ ಜೇಬಿನಲ್ಲಿದೆ.

ನಿಯಮಗಳಲ್ಲಿ ಸಿಂಪಡಿಸುವವರ ಹೆಸರೇ ಇಲ್ಲವೆಂದು ನಾನು ಹೇಳುತ್ತಿಲ್ಲ. 39ನೇ ನಿಯಮದಲ್ಲಿದೆ: ಮೈಮುಚ್ಚುವ ಮೇಲುಡುಪು, ಮುಂಗೈಯ ಅರ್ಧದವರೆಗೆ ಬರುವ ಕೈಗವಸು, ಕನ್ನಡಕ, ಬೂಟು. ಅವನ್ನೆಲ್ಲ ನಾನೂ ಒಮ್ಮೆ ಹಾಕಿಕೊಂಡು ತೋರಿಸಿದ್ದೇನೆ. ಹಾವೇರಿ ಸೀಮೆಯ ಹತ್ತಿ ಹೊಲ, ಮಳೆ ಬಿಟ್ಟ ಸೆಕೆ. ಅರ್ಧ ಗಂಟೆ ಉಪದೇಶ ಮಾಡಿದೆ. ಬದುವಿನ ಮೇಲಿದ್ದ ಅಜ್ಜ, ‘ಸಾಹೇಬ್ರ, ಹಂಗ ಒಂದರ್ಧ ಎಕರೆ ಹೊಡದು ತೋರಸ್ರಿ’ ಅಂದ. ಎರಡನೇ ಪಂಪು ಮುಗಿಯುವುದರೊಳಗೆ ಕನ್ನಡಕಕ್ಕೆ ಹಬೆ ಕವಿದು ಸಾಲು ಕಾಣದೆ ಹೋಯಿತು. ಕೈಗವಸಿನಲ್ಲಿ ಬೆವರು ನಿಂತಿತ್ತು. ಬಿಚ್ಚಿ ಬದುವಿನ ಮೇಲಿಟ್ಟೆ. ಅಜ್ಜ ನಗಲಿಲ್ಲ, ಮಜ್ಜಿಗೆ ಕೊಟ್ಟ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಮೊದಲು ಒಪ್ಪಿದ ಕೀಟನಾಶಕ ಸಂಹಿತೆಯಲ್ಲಿ ಆ ಅಜ್ಜನ ಮಾತೇ ಇದೆ. ಹಾಕಿಕೊಂಡರೆ ಹಿಂಸೆಯಾಗುವ, ದುಬಾರಿಯಾದ, ಸುಲಭವಾಗಿ ಸಿಗದ ಉಡುಪು ಬೇಡುವ ವಿಷವನ್ನು ಬಿಸಿ ನಾಡಿನ ಸಣ್ಣ ರೈತರ, ಕೂಲಿಯವರ ಕೈಗೆ ಕೊಡುವುದನ್ನೇ ತಪ್ಪಿಸಬೇಕು ಎನ್ನುತ್ತದೆ ಅದು. ನಾವು ಕೈಗವಸಿಗೆ ಕನ್ನಡ ಪದ ಹುಡುಕಿದೆವು, ಈ ವಾಕ್ಯವನ್ನು ಕನ್ನಡಕ್ಕೆ ತರಲಿಲ್ಲ. ಕೃಷಿಯಲ್ಲಿ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲಿ ಮಾಡಿದ 184ನೇ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಅದರ ಕನ್ನಡ ಅನುವಾದ ಎಲ್ಲಿ ಎಂದು ಕೇಳಿದರೆ ನೀವು ನಗುತ್ತೀರಿ.

2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿ ಆಳೆತ್ತರ ಬೆಳೆದಿತ್ತು. ಮೇಲಕ್ಕೆ ಹೊಡೆದದ್ದು ಮುಖದ ಮೇಲೆ ಇಳಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಎಷ್ಟೋ ಮಂದಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋದವರು. ಮಾಸ್ಕ್ ಹಾಕಿರಲಿಲ್ಲ ಎಂಬ ಮಾತು ಬೇಗ ಎದ್ದಿತು. ಅದನ್ನು ಕೊಡಬೇಕಾದವರು ಯಾರಿದ್ದರು ಎಂಬ ಮಾತು ಎದ್ದದ್ದು ನಿಧಾನ.

ಅಧ್ಯಕ್ಷರು ಗಡಿಯಾರ ನೋಡಿದ್ದು ಇದು ಎರಡನೇ ಸಲ. ಕರಡಿನಲ್ಲಿ ‘ಕಾರ್ಮಿಕ’ದ ಎದುರು ಪೆನ್ಸಿಲಿನಲ್ಲಿ ಮೂರು ಮಾತು ಬರೆದಿದ್ದೇನೆ: ಕಲಸುವವರು, ಹೊಡೆಯುವವರು, ಹೊಡೆದ ಹೊಲಕ್ಕೆ ಇಳಿಯುವವರು. ಪದಕೋಶದ ಗಾಂಭೀರ್ಯಕ್ಕೆ ಇವು ಒಗ್ಗುವುದಿಲ್ಲ ಎಂದು ಸಂಪಾದಕರು ಹೇಳುತ್ತಾರೆ, ಗೊತ್ತು. ಗೋಷ್ಠಿಯಲ್ಲಿ ಜಗಳ ಮಾಡೋಣ. ಮುಯ್ಯಾಳಿನ ಮಾಲೀಕ ಯಾರೆಂದು ಕಾನೂನು ಮೇಷ್ಟ್ರು ಮಧ್ಯಾಹ್ನದ ಪಂಕ್ತಿ ಏಳುವುದರೊಳಗೆ ಹೇಳಿದರೆ, ನನ್ನ ಎಲೆಯ ಹೋಳಿಗೆ ಅವರಿಗೆ.