ಮಗುವಿನ ಹಲ್ಲಿಗೂ ಒಂದು ಪುಟ

(ಹುತ್ತೂರಿನಲ್ಲಿ ಶರಣ ಬಂಧುಗಳ ಮುಂದೆ ಆಡಿದ ಮಾತು)



ಅಂಗನವಾಡಿಯಲ್ಲಿ ಮಗುವಿನ ತೂಕ ಬರೆಯುತ್ತಾರೆ, ಎತ್ತರ ಬರೆಯುತ್ತಾರೆ. ಚುಚ್ಚುಮದ್ದಿನ ಲೆಕ್ಕ ತಾಯಿ ಕಾರ್ಡಿನಲ್ಲಿರುತ್ತದೆ. ಹಲ್ಲಿನ ಮಾತು ಬಂದರೆ ಮಾತ್ರ, "ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ ಬಿಡಿ" ಎನ್ನುತ್ತೇವೆ. ಈ ಮಾತು ಎಲ್ಲಿಯೂ ಸರಿಯಲ್ಲ, ನಮ್ಮ ಕೋಲಾರ ಸೀಮೆಯಲ್ಲಂತೂ ಅಲ್ಲವೇ ಅಲ್ಲ.

ಇದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡು. ಕೆರೆ ಬತ್ತಿದವು, ಕೊಳವೆಬಾವಿಗಳು ಆಳಕ್ಕಿಳಿದವು, ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಕಂದು ಕಲೆ ನಮಗೆ ಎದ್ದು ಕಾಣುವುದು ಮಗುವಿಗೆ ಏಳೆಂಟು ವರ್ಷವಾಗಿ ಹೊಸ ಹಲ್ಲು ಬಂದಾಗ. ಆದರೆ ಆ ಹಲ್ಲು ದವಡೆಯೊಳಗೆ ರೂಪುಗೊಂಡದ್ದು ಮಗು ಮನೆಯಲ್ಲಿ, ಅಂಗನವಾಡಿಯಲ್ಲಿ ನೀರು ಕುಡಿಯುತ್ತಿದ್ದ ಮೊದಲ ವರ್ಷಗಳಲ್ಲಿ. ಆಗ ಯಾವ ಬೋರಿನ ನೀರು ಕುಡಿಯಿತೆಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ನೆನಪಿಲ್ಲದ ಕಡೆ ದೂರು ಹುಟ್ಟುತ್ತದೆ. ಕಲೆಯ ಹಲ್ಲಿನ ಹುಡುಗಿಯನ್ನು ಹಲ್ಲುಜ್ಜದವಳು ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಆಕೆಯ ನಗೆಯನ್ನೇ ಪರೀಕ್ಷೆ ಮಾಡುತ್ತಾರೆ. ನೀರಿನ ದೋಷ ಮಗುವಿನ ತಲೆಗೆ ಬಂತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆಂದು ಲೆಕ್ಕ ಇಡುವ ನಾವು, ಹುಳುಕು ಯಾವಾಗ ಶುರುವಾಯಿತೆಂಬ ಲೆಕ್ಕ ಇಡುವುದಿಲ್ಲ!

ಆದ್ದರಿಂದ ಪ್ರತಿ ಮಗುವಿಗೆ ಒಂದು ಪುಟ ಇರಲಿ. ಎಷ್ಟು ಹಲ್ಲು ಬಂದಿವೆ, ಕಪ್ಪು ಗುಳಿ ಎಲ್ಲಿದೆ, ಬಿಳಿ ಅಥವಾ ಕಂದು ಕಲೆ ಇದೆಯೇ, ನೋವಿದೆಯೇ, ಕುಡಿಯುವ ನೀರು ಬೋರಿನದೋ ಶುದ್ಧ ನೀರಿನ ಘಟಕದ್ದೋ, ನೋಡಿದ ದಿನ ಯಾವುದು, ಇಷ್ಟು ಸಾಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು. ಅದರಲ್ಲಿ ವೈದ್ಯರ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಆ ದಿನ ಈ ಪುಟ ಅವರ ಮುಂದಿರಲಿ. ಮಗು ಒಂದನೇ ತರಗತಿಗೆ ಹೋದಾಗ ಪುಟವೂ ಶಾಲೆಗೆ ಹೋಗಲಿ.

ಬರೆದಿಡುವುದರ ಬೆಲೆ ನಮಗೆ ಹೇಳಿಕೊಡಬೇಕಾಗಿಲ್ಲ. ತಾಳೆಗರಿಯಲ್ಲಿ ಬರೆದಿಟ್ಟವರಿದ್ದರು, ಹುಡುಕುವ ಫ.ಗು. ಹಳಕಟ್ಟಿಯವರಿದ್ದರು, ಅದಕ್ಕೇ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು.

ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಪುಸ್ತಕ ನಮ್ಮ ಮನೆಗಳ ಮಕ್ಕಳಿಗಷ್ಟೇ ಅಲ್ಲ, ಕಾಲೋನಿಯ ಮಗುವಿನ ಪುಟ ಮೊದಲು ತೆರೆಯಲಿ. ಯಾರ ಹಲ್ಲಿನ ವಿಷಯವನ್ನೂ ಸಭೆಯಲ್ಲಿ ಓದಬಾರದು, ಅದು ತಾಯಿಗೆ, ಕಾರ್ಯಕರ್ತೆಗೆ, ವೈದ್ಯರಿಗೆ ಮಾತ್ರ. ಕಾರ್ಯಕರ್ತೆಯರಿಗೆ ಈಗಾಗಲೇ ಬರೆಯುವ ಕೆಲಸ ವಿಪರೀತ. ಓದುಬರಹ ಬಲ್ಲ ನಮ್ಮ ಅಕ್ಕಂದಿರು ಮೂರು ತಿಂಗಳಿಗೊಮ್ಮೆ ಒಂದು ಬೆಳಗ್ಗೆ ಅವರ ಜೊತೆ ಕೂತು ಈ ಕಾಯಕ ಮಾಡಲಿ. ನೋಟ್‌ಬುಕ್ಕುಗಳನ್ನು ನಾನು ತಂದಿದ್ದೇನೆ, ಸಭೆ ಮುಗಿದ ಮೇಲೆ ಹೆಸರು ಕೊಡಿ.