ಮುಚ್ಚಿದ ಬಾಗಿಲಿನ ಹಿಂದೆ
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ದಿನವೂ ಬಂದು ಕಿಟಕಿಯ ಬಳಿ ಕುಳಿತು ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶುಭ್ರವಾದ ಧೋತರ, ಇಸ್ತ್ರಿ ಮಾಡಿದ ಅಂಗಿ. ಪತ್ನಿ ತೀರಿಕೊಂಡ ಮೇಲೆ ಅಂಗಿ ಮಾಸಿತು, ಗಡ್ಡ ಬೆಳೆಯಿತು, ಕೊನೆಗೆ ಅವರು ಬರುವುದೇ ನಿಂತಿತು. ಎರಡು ತಿಂಗಳ ಮೇಲೆ ಚಾಳಿನಲ್ಲಿದ್ದ ಅವರ ಖೋಲಿಗೆ ಹೋದೆ. ಬಾಗಿಲನ್ನು ಗೇಣಗಲ ತೆರೆದು, "ನನಗೇನೂ ಬೇಕಾಗಿಲ್ಲ, ಚೆನ್ನಾಗಿದ್ದೇನೆ" ಎಂದರು. ಒಳಗಿನಿಂದ ದುರ್ವಾಸನೆ ಬರುತ್ತಿತ್ತು. ಸ್ವಾಭಿಮಾನಿಗಳು, ನಾವೇಕೆ ತಲೆ ಹಾಕಬೇಕು ಎಂದುಕೊಂಡು ಹಿಂದಿರುಗಿದೆ. ಅದು ನನ್ನ ತಪ್ಪು.

ಇಂತಹ ಸ್ಥಿತಿಯನ್ನು ವೈದ್ಯರು ಬಹುಕಾಲದಿಂದ ಬಲ್ಲರು. 1966ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಕ್‌ಮಿಲನ್ ಮತ್ತು ಶಾ ಎಂಬವರು ಇದನ್ನು ಕುರಿತು ಬರೆದರು. 1975ರಲ್ಲಿ ಅಲ್ಲಿಯವರೇ ಆದ ಕ್ಲಾರ್ಕ್ ಮತ್ತು ಸಂಗಡಿಗರು 30 ಮಂದಿ ವೃದ್ಧರನ್ನು ಪರೀಕ್ಷಿಸಿ, ಇದಕ್ಕೆ ಗ್ರೀಕ್ ತತ್ತ್ವಜ್ಞಾನಿ ಡಯೋಜಿನಿಸನ ಹೆಸರಿಟ್ಟರು. ಆ ಹೆಸರು ಸರಿಯಲ್ಲವೆಂಬ ಆಕ್ಷೇಪವುಂಟು. ಡಯೋಜಿನಿಸ್ ಬೇಕೆಂದೇ ಎಲ್ಲವನ್ನೂ ತೊರೆದು ಜನರ ನಡುವೆ ಇದ್ದವನು. ಇವರಾದರೋ ಜನರಿಂದ ಮರೆಯಾಗಿ, ಹಲವು ವೇಳೆ ಕಸವನ್ನೂ ಕೂಡಿಡುವವರು. ಆ 30 ಮಂದಿಯಲ್ಲಿ ಅನೇಕರು ಬಡವರಲ್ಲ, ದಡ್ಡರಲ್ಲ, ಉದ್ಯೋಗದಲ್ಲಿ ಮೇಲೇರಿದವರು. ಅರ್ಧದಷ್ಟು ಜನರಲ್ಲಿ ಮನೋರೋಗದ ಕುರುಹೂ ಇರಲಿಲ್ಲ. ಆದರೂ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬದುಕಲಿಲ್ಲ.

ಆದುದರಿಂದ ಇದನ್ನು ಸೋಮಾರಿತನವೆಂದು ಬಗೆಯಬಾರದು. ಮರೆವಿನ ರೋಗ, ಖಿನ್ನತೆ, ಕುಡಿತ, ಸಂಗಾತಿಯ ಅಗಲಿಕೆ, ಬಾಗಲಾರದ ಮೊಣಕಾಲು, ಮಂಜಾದ ಕಣ್ಣು – ಇವುಗಳಲ್ಲಿ ಯಾವುದೂ ಮೂಲವಾಗಿರಬಹುದು. "ಬೇಡ" ಎನ್ನುವ ಮಾತು ಕೆಲವೊಮ್ಮೆ ಇಚ್ಛೆಯಲ್ಲ, ರೋಗದ ಲಕ್ಷಣ. ಕೆಲವೊಮ್ಮೆ ಬರಿಯ ನಾಚಿಕೆ.

ಹಾಗಾದರೆ ನಾವು ಮಾಡಬೇಕಾದುದೇನು? ಹತ್ತು ಜನ ನುಗ್ಗಿ ಒಂದೇ ದಿನ ಖೋಲಿ ತೊಳೆಯುವುದಲ್ಲ. ತೊಳೆದ ಖೋಲಿ ಮತ್ತೆ ತುಂಬುತ್ತದೆ, ಕೆಟ್ಟ ವಿಶ್ವಾಸ ಮಾತ್ರ ಸುಲಭವಾಗಿ ಕೂಡದು. ಒಬ್ಬರೇ ಹೋಗಿ, ಪತ್ರಿಕೆಯನ್ನೋ ಎರಡು ಬಾಳೆಹಣ್ಣನ್ನೋ ಕೊಟ್ಟು ಬನ್ನಿ, ಮರುವಾರ ಮತ್ತೆ ಹೋಗಿ. ಸಲಿಗೆ ಬೆಳೆದ ಮೇಲೆ ವೈದ್ಯರ ಮಾತೆತ್ತಿ. ಬಿದ್ದಿದ್ದರೆ, ಜ್ವರವಿದ್ದರೆ, ಮಾತು ತಡವರಿಸುತ್ತಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಸೇರಿಸಬೇಕು. ವೃದ್ಧರ ನೆರವಿಗಾಗಿ 14567 ಎಂಬ ದೂರವಾಣಿ ಸಂಖ್ಯೆಯೂ ಇದೆ.

ನಮ್ಮ ಆ ಹಿರಿಯರು ಖೋಲಿಯಲ್ಲಿ ಬಿದ್ದ ದಿನ ನೆರೆಯವರು ಬಾಗಿಲು ಒಡೆದರು. ಎರಡೂ ಕಣ್ಣಿಗೆ ದಪ್ಪನಾದ ಪೊರೆ ಬಂದಿದೆಯೆಂದು ಆಸ್ಪತ್ರೆಯಲ್ಲಿ ತಿಳಿಯಿತು. ಪತ್ರಿಕೆಯ ಅಕ್ಷರ ಕಾಣದಾದುದರಿಂದಲೇ ಅವರು ಬರುವುದನ್ನು ಬಿಟ್ಟಿದ್ದರು, ಹೇಳಿಕೊಳ್ಳಲು ಸಂಕೋಚ. ಅವರು ಮತ್ತೆ ಆ ಕುರ್ಚಿಗೆ ಬರಲಿಲ್ಲ.

ಇಲ್ಲಿ ಹಾಜರಿ ಪುಸ್ತಕವಿದೆ. ನಿತ್ಯ ಬರುವ ಹಿರಿಯರ ಸಹಿ ಒಂದು ವಾರ ಕಾಣದಿದ್ದರೆ ನಮ್ಮಲ್ಲೊಬ್ಬರು ಅವರ ಮನೆಗೆ ಹೋಗಿಬರಬೇಕೆಂದು ಸೂಚಿಸುತ್ತೇನೆ. ಮೊದಲನೆಯ ಹೆಸರು ನನ್ನದನ್ನೇ ಬರೆದುಕೊಳ್ಳಿ.